ಬೆಳಕನ್ನೇ ಉಂಡು ನೋಡುವ ಕಣ್ಣು

ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರುಗಳಷ್ಟು ಕೆಳಗೆ ಧುಮುಕುವ ಸ್ಥಳದಲ್ಲಿ, ಆ ಪತನದ ರಭಸದಿಂದಲೇ ವಿದ್ಯುತ್ತನ್ನು ಪಡೆಯುವ ಸಾಹಸವು 1887ರಷ್ಟು ಹಿಂದೆಯೇ ನಡೆಯಿತಾದ ಕಾರಣ, ಪ್ರಕೃತಿಯು ತಾನಾಗಿ ನೀಡುವ ಶಕ್ತಿಯನ್ನು ಅದು ದೊರೆತಲ್ಲಿಯೇ ದುಡಿಸಿಕೊಳ್ಳುವ ವಿವೇಕವು ಈ ಸೀಮೆಗೆ ಹೊಸತಲ್ಲ. ಅದೇ ವಿವೇಕದ ಅತಿ ಸೂಕ್ಷ್ಮವಾದ ರೂಪವೊಂದು ಈಗ ಪ್ರಯೋಗಶಾಲೆಗಳಲ್ಲಿ ಸಿದ್ಧಿಸಿದೆ. ಅದನ್ನು ಇದೇ ಘಟಪ್ರಭೆಯ ಹಿಡಕಲ್ ಜಲಾಶಯದ ಸೇವೆಗೆ ತರಬೇಕೆಂಬುದೇ ನನ್ನ ಅರಿಕೆ.

ಕ್ಯಾಮೆರಾದೊಳಗೆ ಚಿತ್ರವನ್ನು ಗ್ರಹಿಸುವ ಸಿಲಿಕಾನ್ ಬಿಲ್ಲೆಯೂ ಮನೆಯ ಮಾಳಿಗೆಯ ಮೇಲಿನ ಸೌರಫಲಕವೂ ಮೂಲತಃ ಒಂದೇ ತತ್ತ್ವವನ್ನು ಆಶ್ರಯಿಸಿವೆ. ಬೆಳಕು ತಾಗಿದೊಡನೆ ಎರಡರಲ್ಲಿಯೂ ವಿದ್ಯುತ್ತು ಹುಟ್ಟುತ್ತದೆ. ಒಂದರಲ್ಲಿ ಅದನ್ನು ಅಳೆಯುತ್ತೇವೆ, ಇನ್ನೊಂದರಲ್ಲಿ ಕೂಡಿಡುತ್ತೇವೆ. ಈ ಉಭಯ ಕಾರ್ಯಗಳನ್ನೂ ಒಂದೇ ಚಿತ್ರಬಿಂದುವಿಗೆ (ಪಿಕ್ಸೆಲ್‌ಗೆ) ವಹಿಸಿ, ಕೊಲಂಬಿಯಾ ವಿಶ್ವವಿದ್ಯಾಲಯದ ಶ್ರೀ ಕೆ. ನಾಯರ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ರಚಿಸಿದ ಕ್ಯಾಮೆರಾ, ಒಳ್ಳೆಯ ಬೆಳಕುಳ್ಳ ಕೋಣೆಯಲ್ಲಿ ಹೊರಗಿನ ವಿದ್ಯುತ್ತಿನ ಹಂಗಿಲ್ಲದೆ ಸೆಕೆಂಡಿಗೊಂದರಂತೆ ಚಿತ್ರಗಳನ್ನು ತೆಗೆಯಬಲ್ಲುದಾಯಿತು. 2018ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು, ಚಿತ್ರವನ್ನು ಗ್ರಹಿಸುವ ಪದರದ ಅಡಿಯಲ್ಲಿಯೇ ಶಕ್ತಿಯನ್ನು ಸಂಗ್ರಹಿಸುವ ಪದರವನ್ನಿರಿಸಿ, ಪ್ರಖರವಾದ ಬಿಸಿಲಿನಲ್ಲಿ ಸೆಕೆಂಡಿಗೆ 15 ಚಿತ್ರಗಳವರೆಗೆ ಮುಟ್ಟಿದರು.

ಕೊಲಂಬಿಯಾದ ಕ್ಯಾಮೆರಾದಲ್ಲಿದ್ದುದು ಅಡ್ಡಕ್ಕೂ ಉದ್ದಕ್ಕೂ 30 ಮತ್ತು 40 ಬಿಂದುಗಳು ಮಾತ್ರ. ಇಷ್ಟು ಒರಟಾದ ಚಿತ್ರದಿಂದ ಪ್ರಯೋಜನವೇನೆಂದು ಕೇಳುವವರುಂಟು. ಮದುವೆಯ ಛಾಯಾಚಿತ್ರಕ್ಕೆ ಅದು ಸಾಲದು, ನಿಜ. ಆದರೆ ನೀರು ಏರಿತೋ ಇಳಿಯಿತೋ, ಕಾಲುವೆಯ ಕೊನೆಯಂಚಿಗೆ ಮುಟ್ಟಿತೋ ಇಲ್ಲವೋ ಎಂಬುದನ್ನು ತಿಳಿಯಲು ಸೊಗಸಿನ ಚಿತ್ರವೇಕೆ? ಅಳತೆಯ ಪಟ್ಟಿಯ ಮೇಲೆ ನೀರಿನ ಗೆರೆ ಕಾಣುವಷ್ಟು ಬಿಂದುಗಳಿದ್ದು, ಗಂಟೆಗೆ ಕೆಲವು ಚಿತ್ರಗಳು ಬಂದರೆ ಸಾಕು. 51 ಟಿಎಂಸಿಯಷ್ಟು ನೀರನ್ನು ಹಿಡಿಯುವ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದಿಂದಲೂ, ಕೆಳಗಿನ ಧೂಪದಾಳದ ಒಡ್ಡಿನಿಂದಲೂ ಹೊರಟು ಹುಕ್ಕೇರಿ, ಗೋಕಾಕ, ಮೂಡಲಗಿಗಳ ಆಚೆಗೂ ಹರಿಯುವ ಕಾಲುವೆಗಳ ದಂಡೆಯಲ್ಲಿ, ತಂತಿಯನ್ನೆಳೆಯಲಾಗದ, ಬ್ಯಾಟರಿ ಬದಲಿಸಲು ಆಳು ಹೋಗಲಾಗದ ತಾಣಗಳಿಗೆ ಇಂಥ ಕಣ್ಣೇ ತಕ್ಕುದು.

ಕೊರತೆಗಳನ್ನು ಮುಚ್ಚಿಡಲಾಗದು. ಚಿತ್ರವನ್ನು ತೆಗೆಯುವುದಕ್ಕಿಂತ ಅದನ್ನು ದೂರಕ್ಕೆ ರವಾನಿಸುವುದಕ್ಕೆ ಹೆಚ್ಚು ಶಕ್ತಿ ಬೇಕು. ಆದಕಾರಣ ಇಡೀ ಚಿತ್ರಕ್ಕೆ ಬದಲಾಗಿ ನೀರಿನ ಮಟ್ಟದ ಅಂಕಿಯೊಂದನ್ನೇ ಕಳುಹಿಸುವ ಏರ್ಪಾಡು ಯುಕ್ತ. ಬೆಳಕಿಲ್ಲದ ರಾತ್ರಿಯಲ್ಲಿ ಈ ಕಣ್ಣು ಕುರುಡು; ಪ್ರವಾಹವಾದರೋ ಹಗಲನ್ನು ಕಾಯುವುದಿಲ್ಲ. 2019ರ ಆಗಸ್ಟಿನಲ್ಲಿ ಗೋಕಾಕ ಪಟ್ಟಣವು ಜಲಾವೃತವಾದುದನ್ನು ಕಂಡವರಿಗೆ, ರಾತ್ರಿಯ ಕಾವಲುಗಾರನ ಅವಶ್ಯಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರವು ಅವನ ಕೆಲಸಕ್ಕೆ ನೆರವಾಗಬೇಕೇ ಹೊರತು ಅವನ ಅನ್ನಕ್ಕೆ ಎರವಾಗಬಾರದು.

ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ಗುರುತರವಾದುದು. ಹೊರಗಿನ ವಿದ್ಯುತ್ತನ್ನು ಬೇಡದ ಕಣ್ಣನ್ನು ಯಾರೂ ಅರಿಯದಂತೆ ಎಲ್ಲಿ ಬೇಕಾದರೂ ನೆಡಬಹುದು. ನೀರನ್ನು ಕಾಯಲೆಂದು ಬಂದುದು ಜನರನ್ನು ಕಾಯತೊಡಗಿದರೆ ಉಪಕಾರವೇ ಅಪಕಾರವಾದೀತು. ಈ ಎಚ್ಚರದೊಡನೆ ನೀರಾವರಿ ಇಲಾಖೆಯು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಸಹಾಯದಿಂದ ಒಂದು ಉಪಕಾಲುವೆಯಲ್ಲಾದರೂ ಈ ಪ್ರಯೋಗವನ್ನು ಆರಂಭಿಸಲಿ. ಪ್ರತಿಯೊಂದು ಕ್ಯಾಮೆರಾ ಇರುವ ಸ್ಥಳವನ್ನು ಊರವರಿಗೆ ಸಾರಿ ತಿಳಿಸಲಿ. ಅದು ಅಳೆದ ನೀರಿನ ಲೆಕ್ಕವನ್ನು ಕೊನೆಯಂಚಿನ ರೈತನಿಗೂ ಅಧಿಕಾರಿಗೂ ಏಕಕಾಲದಲ್ಲಿ ದೊರಕಿಸಲಿ.