ಗುಟ್ಟು ಒಡೆದ ಮೇಲೆ

ಪತ್ತೇದಾರಿ ಕತೆಯನ್ನು ಎರಡನೆಯ ಸಲ ಓದುವವರು ವಿರಳ. ಕೊಲೆಗಾರ ಯಾರೆಂಬುದು ತಿಳಿದ ಕೂಡಲೇ ಆ ಪುಸ್ತಕ ಹಳೆಯ ಪಂಚಾಂಗವಾಗಿಬಿಡುತ್ತದೆ. ರೈಲಿನಲ್ಲಿ ಎದುರಿಗೆ ಕುಳಿತವರು ಕೇಳಿದರೆ ಕೊಟ್ಟುಬಿಡುತ್ತೇವೆ, ಮರಳಿ ಕೇಳುವುದಿಲ್ಲ. ಗೂಢಚಾರರ ಕತೆಗೂ ಇದೇ ಗತಿಯೆಂದು ನಾನು ಬಹುಕಾಲ ನಂಬಿದ್ದೆ. ಈಚೆಗೆ ಆ ನಂಬಿಕೆ ಕದಲಿತು.

ಕದಲಿಸಿದುದು ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ ಎಂಬ ಆಂಗ್ಲ ದೂರದರ್ಶನ ಧಾರಾವಾಹಿ. ಜಾನ್ ಲ ಕಾರೆಯವರ 1974ರ ಕಾದಂಬರಿಯನ್ನು ಆರ್ಥರ್ ಹಾಪ್‌ಕ್ರಾಫ್ಟ್ ನಾಟಕವಾಗಿಸಿದರು. ಜಾನ್ ಅರ್ವಿನ್ ನಿರ್ದೇಶಿಸಿದರು. ಬಿ.ಬಿ.ಸಿ. ಅದನ್ನು 1979ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಏಳು ಕಂತುಗಳಾಗಿ ಪ್ರಸಾರ ಮಾಡಿತು. ನಾನು ಅದನ್ನು ಮೊದಲು ನೋಡಿದ್ದು ಕೆಲವು ವರ್ಷಗಳ ತರುವಾಯ, ಕಚೇರಿಯ ಮಿತ್ರರೊಬ್ಬರ ಮನೆಯಲ್ಲಿ. ಅವರ ಅಳಿಯ ಲಂಡನ್ನಿನಲ್ಲಿ ಮುದ್ರಿಸಿಕೊಂಡು ತಂದಿದ್ದ ವೀಡಿಯೊ ಕ್ಯಾಸೆಟ್ಟುಗಳು ಅವು. ಈಗ ಅದೇ ಧಾರಾವಾಹಿ ಡಿವಿಡಿ ತಟ್ಟೆಗಳಾಗಿ ನನ್ನ ಮನೆಗೆ ಬಂದಿದೆ. ಏಳು ಸಂಜೆ ಒಬ್ಬನೇ ಕುಳಿತು ನೋಡಿದೆ.

ಕತೆಯ ಎಳೆ ಸರಳವಾದುದು. ಬ್ರಿಟನ್ನಿನ ಬೇಹುಗಾರಿಕೆಯ ಕಚೇರಿಗೆ ಕತೆಯಲ್ಲಿ ‘ಸರ್ಕಸ್’ ಎಂದು ಹೆಸರು. ಅದರ ಮೇಲಿನ ಅಂತಸ್ತಿನ ಅಧಿಕಾರಿಗಳಲ್ಲೊಬ್ಬನು ಮಾಸ್ಕೋದ ಬಂಟ. ಅವನಾರೆಂದು ಕಂಡುಹಿಡಿಯುವ ಹೊಣೆ ಜಾರ್ಜ್ ಸ್ಮೈಲಿಗೆ ಬರುತ್ತದೆ. ಸ್ಮೈಲಿ ಕೆಲಸದಿಂದ ಹೊರಹಾಕಲ್ಪಟ್ಟ ಮುದುಕ, ಹೆಂಡತಿ ತೊರೆದುಹೋದ ಗಂಡ, ದಪ್ಪ ಕನ್ನಡಕದವನು. ಓಡುವ ಕಾರುಗಳಿಲ್ಲ, ಸುಂದರಿಯರ ಸಾಲಿಲ್ಲ. ಸ್ಮೈಲಿ ಹಳೆಯ ಕಡತಗಳನ್ನು ತರಿಸಿ ಓದುತ್ತಾನೆ. ಹಳಬರನ್ನು ಕಂಡು ಮಾತಾಡಿಸುತ್ತಾನೆ. ದ್ರೋಹಿಯ ಹೆಸರನ್ನು ನಾನಿಲ್ಲಿ ಹೇಳಲಾರೆ. ಎರಡನೆಯ ನೋಟವೇ ಹಿರಿದೆಂದು ನಾನು ವಾದಿಸುವವನಾದರೂ ವಾಚಕರ ಮೊದಲ ನೋಟದ ಸುಖವನ್ನು ಕಸಿಯುವ ಹಕ್ಕು ನನಗಿಲ್ಲ.

ಮೊದಲ ಕಂತಿನ ಆರಂಭದಲ್ಲಿಯೇ ನಾಲ್ವರು ಅಧಿಕಾರಿಗಳು ಒಬ್ಬೊಬ್ಬರಾಗಿ ಸಭೆಯ ಕೊಠಡಿಗೆ ಬಂದು ಕುಳಿತುಕೊಳ್ಳುತ್ತಾರೆ. ಒಬ್ಬನು ಚಹಾದ ಬಟ್ಟಲಿಗೆ ತಟ್ಟೆಯನ್ನು ಮುಚ್ಚಿಕೊಂಡು ಬರುತ್ತಾನೆ. ಮಾತು ಒಂದೋ ಎರಡೋ. ಮೊದಲ ಸಲ ಈ ದೃಶ್ಯವನ್ನು ನೋಡಿದಾಗ ಕತೆ ಇನ್ನೂ ಆರಂಭವಾಗಿಲ್ಲವೆಂದು ತಾಳ್ಮೆಗೆಟ್ಟಿದ್ದೆ. ಈ ಸಲ ನೋಡಿದಾಗ ಅಲ್ಲಿಯೇ ಎಲ್ಲವೂ ಇದ್ದಂತೆ ಕಂಡಿತು. ಯಾರು ಯಾರ ಮುಖವನ್ನು ನೋಡುತ್ತಾರೆ, ಯಾರು ಯಾರ ಸಲಿಗೆಯನ್ನು ಸಹಿಸಿಕೊಳ್ಳುತ್ತಾರೆ ಎಂಬುದೆಲ್ಲ ಕಣ್ಣೆದುರಿಗೇ ನಡೆಯುತ್ತದೆ. ಗುಟ್ಟನ್ನು ಬಚ್ಚಿಟ್ಟಿರಲಿಲ್ಲ, ನೋಡುವ ಕಣ್ಣು ನನಗಿರಲಿಲ್ಲ.

ಸ್ಮೈಲಿಯಾಗಿ ನಟಿಸಿದವರು ಅಲೆಕ್ ಗಿನ್ನೆಸ್. ಪಾತ್ರವನ್ನು ಅರಿಯಲು ನಿಜವಾದ ಬೇಹುಗಾರರೊಬ್ಬರನ್ನು ಕಾಣಬೇಕೆಂದು ಅವರು ಬಯಸಿದಾಗ, ಲ ಕಾರೆ ಅವರನ್ನು ಬೇಹು ಇಲಾಖೆಯ ಮುಖ್ಯಸ್ಥರಾಗಿದ್ದ ಸರ್ ಮಾರಿಸ್ ಓಲ್ಡ್‌ಫೀಲ್ಡ್‌ರೊಡನೆ ಊಟಕ್ಕೆ ಕುಳ್ಳಿರಿಸಿದರಂತೆ. ಗಿನ್ನೆಸ್ಸರ ನಟನೆಯ ಸಾರವೆಲ್ಲ ಕಿವಿಗೊಡುವುದರಲ್ಲಿದೆ. ಎದುರಿನವರು ಮಾತಾಡುತ್ತಿರುವಾಗ ಅವರ ಮುಖದಲ್ಲಿ ಏನೂ ನಡೆಯುವುದಿಲ್ಲ. ಆದರೂ ನಮ್ಮ ಕಣ್ಣು ಆ ಮುಖವನ್ನು ಬಿಟ್ಟು ಕದಲುವುದಿಲ್ಲ. ಕಾನಿ ಸ್ಯಾಕ್ಸ್ ಎಂಬ ಮುದುಕಿಯ ಮನೆಗೆ ಸ್ಮೈಲಿ ಹೋಗುವ ಪ್ರಸಂಗವನ್ನು ನೋಡಬೇಕು. ಸೋವಿಯತ್ ಅಧಿಕಾರಿಯೊಬ್ಬನನ್ನು ಸರಿಯಾಗಿ ಶಂಕಿಸಿದ್ದಕ್ಕೇ ಆಕೆಯನ್ನು ಕೆಲಸದಿಂದ ತೆಗೆದಿದ್ದಾರೆ. ಬೆರಿಲ್ ರೀಡ್ ಆ ಪಾತ್ರದಲ್ಲಿ ನಗುತ್ತ ಅಳುತ್ತ ಹಳೆಯ ಹೆಸರುಗಳನ್ನು ನೆನೆಯುತ್ತಾರೆ. ನಿಜವನ್ನು ಕಂಡವರನ್ನು ಕಚೇರಿ ಮೊದಲು ಮನೆಗೆ ಕಳುಹಿಸುತ್ತದೆಂಬುದು ಲಂಡನ್ನಿಗೆ ಮಾತ್ರ ಸಲ್ಲುವ ಮಾತೇನೂ ಅಲ್ಲ.

ಕತೆಯ ಹೃದಯವಿರುವುದು ನಮ್ಮ ದೆಹಲಿಯ ಸೆರೆಮನೆಯೊಂದರಲ್ಲಿ. ಐವತ್ತರ ದಶಕದ ಸಂಗತಿ. ಕಾರ್ಲಾ ಎಂಬ ಸೋವಿಯತ್ ಬೇಹುಗಾರನು ಅಲ್ಲಿ ಬಂದಿ. ಮಾಸ್ಕೋಗೆ ಮರಳಿದರೆ ನಿನಗೆ ಸಾವು ತಪ್ಪದು, ನಮ್ಮ ಕಡೆಗೆ ಬಾ ಎಂದು ಸ್ಮೈಲಿ ಅವನ ಮನವೊಲಿಸಲು ಹೋಗುತ್ತಾನೆ. ಕಾರ್ಲಾ ತುಟಿ ಬಿಚ್ಚುವುದಿಲ್ಲ. ಆ ಪಾತ್ರದ ಪ್ಯಾಟ್ರಿಕ್ ಸ್ಟುವರ್ಟ್‌ಗೆ ಒಂದು ಮಾತೂ ಇಲ್ಲ. ಆ ಮೌನದ ಎದುರಿಗೆ ಸ್ಮೈಲಿ ತನ್ನ ಸಂಸಾರದ ಅಳಲನ್ನೇ ತೋಡಿಕೊಂಡುಬಿಡುತ್ತಾನೆ. ಹೆಂಡತಿ ಪ್ರೀತಿಯಿಂದ ಕೊಟ್ಟಿದ್ದ ಸಿಗರೇಟು ಲೈಟರು ಕಾರ್ಲಾನ ಕೈಸೇರುತ್ತದೆ. ಶತ್ರುವಿಗೆ ಆ ದಿನ ದಕ್ಕಿದುದು ಲೈಟರು ಮಾತ್ರವಲ್ಲ, ಸ್ಮೈಲಿಯ ಮರ್ಮಸ್ಥಾನವೆಲ್ಲಿದೆಯೆಂಬ ತಿಳಿವು.

ಇದನ್ನು ನೋಡುವಾಗ ನನಗೆ ಮುದ್ರಾರಾಕ್ಷಸದ ಉಂಗುರ ನೆನಪಾಯಿತು. ವಿಶಾಖದತ್ತನ ಆ ನಾಟಕದ ಕತೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯವಾಗಿ ಕನ್ನಡಕ್ಕೆ ತಂದುಕೊಟ್ಟನಷ್ಟೆ. ಅಲ್ಲಿಯೂ ಬೀದಿಬೀದಿಯಲ್ಲಿ ಬೇಹುಗಾರರು. ಯಮನ ಪಟ ಹಿಡಿದು ಹಾಡುತ್ತ ಬಂದ ಬೇಹಿನವನೊಬ್ಬನು ಅಮಾತ್ಯ ರಾಕ್ಷಸನ ಉಂಗುರವನ್ನು ಚಾಣಕ್ಯನ ಕೈಗೆ ತಲಪಿಸುತ್ತಾನೆ. ಅದರ ಮುದ್ರೆಯಿಂದಲೇ ರಾಕ್ಷಸನಿಗೆ ಬಲೆ ಸಿದ್ಧವಾಗುತ್ತದೆ. ಚಾಣಕ್ಯನೇ ಗೆಲ್ಲುವನೆಂದು ತಿಳಿದೂ ನಮ್ಮ ಹಿರಿಯರು ಆ ಕತೆಯನ್ನು ಮತ್ತೆ ಮತ್ತೆ ಓದಿದರು. ಆದರೆ ಎರಡು ಕತೆಗಳಿಗೂ ಒಂದು ದೊಡ್ಡ ಅಂತರವುಂಟು. ರಾಕ್ಷಸನು ಕೊನೆಗೆ ಮಣಿಯುವುದು ತನ್ನ ಮಿತ್ರನಾದ ಚಂದನದಾಸನ ಪ್ರಾಣ ಉಳಿಯಲೆಂದು. ಅಲ್ಲಿ ಬೇಹುಗಾರಿಕೆ ಗೆದ್ದರೂ ಸ್ನೇಹ ಸೋಲಲಿಲ್ಲ. ಲ ಕಾರೆಯವರ ಲೋಕದಲ್ಲಿ ಮೊದಲು ಮಾರಾಟವಾಗುವುದೇ ಸ್ನೇಹ.

ಇದು ಕೇವಲ ಕಲ್ಪನೆಯಲ್ಲ. ಅಂಬಾಲಾದಲ್ಲಿ 1912ರಲ್ಲಿ ಹುಟ್ಟಿದ ಕಿಮ್ ಫಿಲ್ಬಿ ಬ್ರಿಟಿಷ್ ಬೇಹು ಇಲಾಖೆಯಲ್ಲಿ ಉನ್ನತ ಪದವಿಗೇರಿ, ಸೋವಿಯತ್ತರಿಗಾಗಿ ದುಡಿಯುತ್ತಿದ್ದ. ಅವನ ಮೇಲೆ 1951ರಲ್ಲಿಯೇ ಸಂಶಯ ಬಂದಿತ್ತು. ಆದರೂ ನಿಕೊಲಸ್ ಎಲಿಯಟ್‌ರಂಥ ಗೆಳೆಯರು ಅವನ ಪಕ್ಷವನ್ನು ಬಿಡಲಿಲ್ಲ. 1963ರಲ್ಲಿ ಅವನು ಬೈರೂತಿನಿಂದ ಮಾಸ್ಕೋಗೆ ಪರಾರಿಯಾದ. ಧಾರಾವಾಹಿ ಮುಗಿದ ಮರುತಿಂಗಳು, 1979ರ ನವೆಂಬರಿನಲ್ಲಿ, ರಾಣಿಯ ಚಿತ್ರಸಂಗ್ರಹದ ಮೇಲ್ವಿಚಾರಕರಾಗಿದ್ದ ಆಂಥೊನಿ ಬ್ಲಂಟ್ ಕೂಡ ಅಂಥವರೇ ಎಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಪಾರ್ಲಿಮೆಂಟಿಗೆ ತಿಳಿಸಿದರು. ಬ್ಲಂಟ್ 1964ರಲ್ಲಿಯೇ ತಪ್ಪೊಪ್ಪಿಕೊಂಡಿದ್ದ. ಹದಿನೈದು ವರ್ಷ ತಿಳಿದವರು ತಿಳಿಯದವರಂತೆ ಇದ್ದರು.

ನಾನು ಹೇಳಬೇಕೆಂದಿರುವುದು ಇಷ್ಟೇ. ತಿಳಿಯದಿರುವುದು ಬೇರೆ, ತಿಳಿಯಲೊಲ್ಲೆನೆನ್ನುವುದು ಬೇರೆ. ಮೊದಲ ಸಲ ಈ ಕತೆ ನನಗೆ ತಿಳಿಯದವರ ಕತೆಯಾಗಿತ್ತು. ಈಗ ತಿಳಿಯಲೊಲ್ಲದವರ ಕತೆಯಾಗಿದೆ. ಚೆಕೊಸ್ಲೊವಾಕಿಯದಲ್ಲಿ ಬೆನ್ನಿಗೆ ಗುಂಡು ತಿಂದು ಬಂದು, ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿರುವ ಜಿಮ್ ಪ್ರೀಡೊನನ್ನು ಸ್ಮೈಲಿ ಪ್ರಶ್ನಿಸುವಾಗ, ಅವನ ಸಿಟ್ಟು ಏನೂ ಅರಿಯದವನ ಸಿಟ್ಟಲ್ಲ. ಉತ್ತರ ಅವನ ಎದೆಯಲ್ಲಿಯೇ ಇದೆ. ಅದನ್ನು ನಾಲಿಗೆಗೆ ತರಲು ಅವನಿಗೆ ಇಷ್ಟವಿಲ್ಲ. ಸ್ಮೈಲಿಯ ಸ್ಥಿತಿಯೂ ಅದಕ್ಕಿಂತ ಬಹಳ ಬೇರೆಯಲ್ಲ.

ಕತೆಯ ನಡೆ ನಿಧಾನವೆಂದು ಆಕ್ಷೇಪಿಸುವವರಿದ್ದಾರೆ. ಇದೇ ಕಾದಂಬರಿಯಿಂದ 2011ರಲ್ಲಿ ಬಂದ ಚಲನಚಿತ್ರ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಗ್ಯಾರಿ ಓಲ್ಡ್‌ಮನ್ನರ ನಟನೆಯೂ ಸೊಗಸಾದುದೇ. ಆದರೆ ಅದು ಗುಟ್ಟನ್ನು ತಿಳಿಸುತ್ತದೆ. ಗುಟ್ಟಿನೊಡನೆ ಬಾಳುವುದಕ್ಕೆ ಬಿಡುವು ಕೊಡುವುದಿಲ್ಲ. ಡಿವಿಡಿ ಕೊಳ್ಳುವವರು ಏಳು ಕಂತುಗಳ ಆವೃತ್ತಿಯನ್ನೇ ಕೊಳ್ಳಬೇಕು. ಅಮೆರಿಕದವರಿಗಾಗಿ ಅದನ್ನು ಆರಕ್ಕೆ ಇಳಿಸಿದ್ದರು. ಮುಂದಕ್ಕೆ ಓಡಿಸುವ ಗುಂಡಿಯನ್ನು ಮುಟ್ಟದೆ ನೋಡಬೇಕು.

ಕ್ಯಾಸೆಟ್ಟು ತೋರಿಸಿದ ಆ ಮಿತ್ರರ ಮಾತನ್ನೂ ಹೇಳಿಬಿಡುತ್ತೇನೆ. ಕಚೇರಿಯಲ್ಲಿ ನಮ್ಮದು ಅಕ್ಕಪಕ್ಕದ ಮೇಜು. ಮಧ್ಯಾಹ್ನದ ಬುತ್ತಿಯಲ್ಲಿ ಪಾಲು. ಒಂದು ವರ್ಷ ನನ್ನ ಮೇಲೆ ಮೂಗರ್ಜಿಯೊಂದು ಮೇಲಧಿಕಾರಿಗಳಿಗೆ ಹೋಯಿತು. ವಿಚಾರಣೆಯಲ್ಲಿ ನಾನು ನಿರ್ದೋಷಿಯೆಂದಾಯಿತು. ಬರಬೇಕಾಗಿದ್ದ ಬಡ್ತಿ ಮಾತ್ರ ಎರಡು ವರ್ಷ ತಡವಾಯಿತು. ಅರ್ಜಿಯಲ್ಲಿದ್ದ ಒಂದೆರಡು ಸಂಗತಿಗಳು ಬುತ್ತಿಯ ಮುಂದೆ ನಾನೇ ಆಡಿದ ಮಾತುಗಳು. ಅವು ಇನ್ನೊಬ್ಬರಿಗೆ ತಿಳಿದಿರುವ ಸಂಭವವೇ ಇರಲಿಲ್ಲ. ಆದರೂ ನಾನು ಸಂಶಯಪಟ್ಟುದು ಜವಾನನನ್ನು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಆತನಿಗೆ ತಿಳಿಯಿತು. ಆ ಬಳಿಕ ನೀರಿನ ಲೋಟವನ್ನು ನನ್ನ ಮೇಜಿನ ಮೇಲಿಟ್ಟು ಮಾತಿಲ್ಲದೆ ಹೋಗುತ್ತಿದ್ದ.

ಮಿತ್ರರು ಈಗ ಇಲ್ಲ. ಅವರ ಮೇಲೆ ನನಗೆ ಕೋಪವೂ ಉಳಿದಿಲ್ಲ. ಏಳನೆಯ ಕಂತು ಮುಗಿದ ರಾತ್ರಿ ನಿದ್ದೆಗೆಡಿಸಿದುದು ಆ ಜವಾನನ ಮುಖ. ಸ್ನೇಹಿತನನ್ನು ಉಳಿಸಿಕೊಳ್ಳಬೇಕೆಂಬ ಆಸೆಯಲ್ಲಿ ನಾವು ಕಣ್ಣು ಮುಚ್ಚಿಕೊಂಡರೆ ಅದರ ಬೆಲೆಯನ್ನು ಬೇರೆ ಯಾರೋ ತೆರುತ್ತಾರೆ. ಆತ ನಿವೃತ್ತನಾಗಿ ಊರಿಗೆ ಹೋದನೆಂದಷ್ಟೇ ಕೇಳಿದ್ದೆ. ಎಲ್ಲಿದ್ದಾನೆಂದು ವಿಚಾರಿಸಬೇಕು. ಹೇಳಬೇಕಾದ ಒಂದು ಮಾತು ಬಾಕಿ ಇದೆ.