‘ಸಾಕು’ ಎಂದರೆ ‘ಹಾಕು’ ಎಂದು ಕೇಳಿಸುವುದೇಕೆ?

ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಮಾಡುತ್ತಿದ್ದೆ. ಹುಡುಗನೊಬ್ಬ ಎದ್ದು ನಿಂತು, “ಸಾರ್, ನಮ್ಮಮ್ಮನಿಗೆ ಸಾಕು ಅಂದ್ರೆ ಇನ್ನೊಂದು ಸೌಟು ಸಾರು ಹಾಕ್ತಾರೆ” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ವಿಚಾರಿಸಿದರೆ, ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು. ಮದುವೆಯಾಗಿ ಬಂದಂದಿನಿಂದ ಆ ತಾಯಿ ಅವುಗಳ ನಡುವೆಯೇ ಇದ್ದಾರೆ.

ದೊಡ್ಡಬಳ್ಳಾಪುರದವರಿಗೆ ಮಗ್ಗದ ಸದ್ದು ಹೊಸತೇನಲ್ಲ. ನೇಕಾರರ ಮನೆಯ ಕೂಸು ಆ ಸದ್ದಿನಲ್ಲೇ ನಿದ್ದೆ ಹೋಗುತ್ತದೆ; ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರಗೊಳ್ಳುತ್ತದೆ! ಇದು ಮಿದುಳಿನ ಕೆಲಸ. ಒಂದೇ ಸಮನೆ ಬರುವ ಸದ್ದನ್ನು ಅದು ಬದಿಗೆ ಸರಿಸಿ, ಬದಲಾವಣೆಯನ್ನು ಮಾತ್ರ ಗಮನಿಸುತ್ತದೆ. “ನಮಗೆ ಅಭ್ಯಾಸವಾಗಿದೆ, ಏನೂ ಆಗುವುದಿಲ್ಲ” ಎಂದು ಹಿರಿಯರು ಹೇಳುವುದುಂಟು. ಅಭ್ಯಾಸವಾಗುವುದು ಮಿದುಳಿಗೆ, ಕಿವಿಗಲ್ಲ.

ಗಾಳಿಯ ಅಲೆಗಳು ಕಿವಿಯ ತಮಟೆಯನ್ನು ನಡುಗಿಸುತ್ತವೆ. ಮೂರು ಪುಟ್ಟ ಮೂಳೆಗಳು ಆ ನಡುಕವನ್ನು ಒಳಕಿವಿಗೆ ದಾಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ, ದ್ರವ ತುಂಬಿದ ಕಾಕ್ಲಿಯ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ಹಾರ್ಮೋನಿಯಂ ಮನೆಗಳಂತೆ ಇವುಗಳಿಗೂ ಸ್ವರ ಹಂಚಿಕೆಯಾಗಿದೆ: ಸುರುಳಿಯ ಬುಡದವು ಕೀರಲು ಸ್ವರಕ್ಕೆ, ತುದಿಯವು ದಪ್ಪ ಸ್ವರಕ್ಕೆ. ಈ ಸುರುಳಿಯಲ್ಲಿ ನಡುಕ ಹೇಗೆ ಸಾಗುತ್ತದೆಂದು ತೋರಿಸಿದ ಬೆಕೆಸಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಬಂತು. ರೋಮಕೋಶಗಳು ನಡುಕವನ್ನು ವಿದ್ಯುತ್ ಸಂಕೇತವಾಗಿ ಮಾಡಿ ಶ್ರವಣ ನರದ ಮೂಲಕ ಮಿದುಳಿಗೆ ಕಳುಹಿಸುತ್ತವೆ. ಅದು ಮಾತೋ, ಮಳೆಯೋ ಎಂದು ತಿಳಿಯುವುದು ಅಲ್ಲಿ.

ವಿದ್ಯುತ್ ಮಗ್ಗದ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಅತ್ತಿತ್ತ ಬಡಿಯುತ್ತದೆ. ಮಗ್ಗಗಳ ಕೋಣೆಯಲ್ಲಿ 90ರಿಂದ 100 ಡೆಸಿಬೆಲ್ ಸದ್ದು ಸಾಮಾನ್ಯ. ಕಾರ್ಖಾನೆಗಳಿಗೆ ನಮ್ಮಲ್ಲಿರುವ ಮಿತಿ ದಿನಕ್ಕೆ 8 ಗಂಟೆ, 90 ಡೆಸಿಬೆಲ್. ಮನೆಯೇ ಕಾರ್ಖಾನೆಯಾದಾಗ ಗಂಟೆ ಲೆಕ್ಕ ಇಡುವವರಾರು? ವರ್ಷಗಟ್ಟಲೆ ಇಂಥ ಪೆಟ್ಟು ತಿಂದ ರೋಮಕೋಶಗಳು ಸಾಯುತ್ತವೆ. ಕೋಳಿಯ ಕಿವಿಯಲ್ಲಿ ಅವು ಮತ್ತೆ ಹುಟ್ಟುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ.

ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಕೀರಲು ಸ್ವರದ ಕೋಶಗಳಿಗೆ. ಮಾತಿನಲ್ಲಿ ‘ಆ’, ‘ಉ’ ಮುಂತಾದ ಸ್ವರಗಳು ದಪ್ಪ ಮತ್ತು ಜೋರು. ‘ಸ’, ‘ಶ’, ‘ತ’ಗಳ ಸದ್ದು ಸಣ್ಣದು, ಕೀರಲು. ಮಗ ‘ಸಾಕು’ ಎಂದಾಗ ಆ ತಾಯಿಗೆ ತಲುಪುವುದು ಬರೀ ‘ಆಕು’. ಮಿದುಳು ಖಾಲಿ ಜಾಗ ಬಿಡುವುದಿಲ್ಲ. ಊಟದ ಹೊತ್ತು, ಕೈಯಲ್ಲಿ ಸೌಟು. ಅದು ‘ಹಾಕು’ ಎಂದು ತುಂಬಿಕೊಳ್ಳುತ್ತದೆ.

“ನನಗೆ ಕೇಳಿಸುತ್ತೆ, ನೀವೇ ಸರಿಯಾಗಿ ಮಾತಾಡಲ್ಲ” ಎಂದು ಇಂಥವರು ಹೇಳುವುದು ಸುಳ್ಳಲ್ಲ. ಕಿರುಚಿದರೆ ‘ಆ’ಕಾರ ಜೋರಾಗುತ್ತದೆಯೇ ಹೊರತು ‘ಸ’ಕಾರ ಅಷ್ಟಾಗಿ ಅಲ್ಲ. ಎದುರು ನಿಂತು, ತುಟಿ ಕಾಣುವಂತೆ, ನಿಧಾನವಾಗಿ ಮಾತಾಡಿರಿ.

ಕಿವುಡಿಗೆ ಸದ್ದೊಂದೇ ಕಾರಣವಲ್ಲ. ವಯಸ್ಸು, ಕೆಲವು ಔಷಧಗಳು, ಹುಟ್ಟಿನಿಂದ ಬಂದ ದೋಷ ಎಲ್ಲವೂ ಉಂಟು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಗುಗ್ಗೆ ಮತ್ತು ಸೋರುವ ಕಿವಿ. ಇವಕ್ಕೆ ಚಿಕಿತ್ಸೆ ಇದೆ. ದಯವಿಟ್ಟು ಕಾಯಿಸಿದ ಎಣ್ಣೆ ಬಿಡಬೇಡಿ. ಹಿಂದೊಮ್ಮೆ ನಾನೇ ಒಬ್ಬ ಹುಡುಗನನ್ನು ದಡ್ಡನೆಂದು ಕೊನೆಯ ಬೆಂಚಿಗೆ ಕಳಿಸಿದ್ದೆ. ಅವನ ಎರಡೂ ಕಿವಿ ಸೋರುತ್ತಿದ್ದುದು ತಿಳಿದದ್ದು ವರ್ಷ ಕಳೆದ ಮೇಲೆ.

ಮಗ್ಗದವರು ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಬಿರಡೆ ಬೇಕು, ಅದನ್ನು ಸರಿಯಾಗಿ ಒಳಗೆ ಕೂರಿಸಬೇಕು. ಮಕ್ಕಳು ಓದುವ ಜಾಗ ಮಗ್ಗದಿಂದ ದೂರವಿರಲಿ. ಇಯರ್‌ಫೋನ್ ಪ್ರಿಯರೇ, ನಿಮ್ಮ ಹಾಡೂ ಸವೆಸುವುದು ಇದೇ ಕೋಶಗಳನ್ನು. ಅನುಮಾನ ಬಂದರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿ, ನೋವಿಲ್ಲದ ಪರೀಕ್ಷೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ.

ಆ ಹುಡುಗ ಈಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುತ್ತಾನಂತೆ. ತಾಯಿಯನ್ನು ಪರೀಕ್ಷೆಗೆ ಕರೆದೊಯ್ಯಲು ತಂದೆ ಒಪ್ಪಿದ್ದಾರೆ. ಕೈಯಲ್ಲಿರುವ ಸೀರೆಗಳು ಮುಗಿಯಲಿ ಎಂದಿದ್ದಾರೆ.