ಐದು ಚಿನ್ನಗಳ ತೂಕ

2024ನೆಯ ಇಸವಿಯ ಆಗಸ್ಟ್ 6ರಂದು, ಪ್ಯಾರಿಸ್ ನಗರದಲ್ಲಿ ಐಫೆಲ್ ಗೋಪುರಕ್ಕೆ ಸಮೀಪವಾದ ಶಾಂ ದ ಮಾರ್ಸ್ ಕ್ರೀಡಾಂಗಣದಲ್ಲಿ, ಕ್ಯೂಬಾ ದೇಶದ ಮಿಹಾಯಿನ್ ಲೋಪೆಸ್ ಎಂಬ ಮಲ್ಲನು ಗ್ರೀಕೋ-ರೋಮನ್ ಕುಸ್ತಿಯ 130 ಕಿಲೋ ವಿಭಾಗದ ಅಂತಿಮ ಸೆಣಸಿನಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ 6–0ರಿಂದ ಜಯಶೀಲನಾದನು. 2008ರ ಬೀಜಿಂಗ್, 2012ರ ಲಂಡನ್, 2016ರ ರಿಯೋ, 2021ರಲ್ಲಿ ಜರುಗಿದ ಟೋಕಿಯೋ, ಆ ಬಳಿಕ ಈ ಪ್ಯಾರಿಸ್ — ಹೀಗೆ ಐದು ಒಲಿಂಪಿಕ್ ಕೂಟಗಳಲ್ಲಿ, ಒಂದೇ ವೈಯಕ್ತಿಕ ಸ್ಪರ್ಧೆಯಲ್ಲಿ, ನಡುವೆ ಒಂದು ಕೂಟವೂ ತಪ್ಪದಂತೆ ಸ್ವರ್ಣಪದಕವನ್ನು ಪಡೆದವರು 1896ರಿಂದ ಈಚೆಗೆ ಈತನ ವಿನಾ ಮತ್ತೊಬ್ಬರಿಲ್ಲ. ಉದ್ದಜಿಗಿತದ ಕಾರ್ಲ್ ಲೂಯಿಸ್, ಚಕ್ರ ಎಸೆತದ ಆಲ್ ಓರ್ಟರ್, ಈಜುಗಾರ ಮೈಕೆಲ್ ಫೆಲ್ಪ್ಸ್, ಈಜುಗಾರ್ತಿ ಕೇಟಿ ಲೆಡೆಕಿ, ಜಪಾನಿನ ಮಹಿಳಾ ಮಲ್ಲೆ ಕೌರಿ ಇಚೊ, ಇವರೆಲ್ಲರೂ ನಾಲ್ಕರ ಮೆಟ್ಟಿಲಲ್ಲಿ ನಿಂತವರು. ಐದನೆಯದನ್ನು ಏರಿದಾಗ ಲೋಪೆಸ್‌ಗೆ 42 ವರ್ಷ ತುಂಬಲು ಎರಡು ವಾರ ಉಳಿದಿತ್ತು.

ಇಷ್ಟಾಗಿಯೂ ಸಾರ್ವಕಾಲಿಕ ಶ್ರೇಷ್ಠ ಒಲಿಂಪಿಕ್ ಕ್ರೀಡಾಪಟು ಯಾರೆಂಬ ಪ್ರಶ್ನೆ ಎದ್ದಾಗ ಈತನ ಹೆಸರು ನಾಲಗೆಯ ಮೇಲೆ ಮೊದಲಿಗೆ ಬರುವುದು ಎಷ್ಟು ಮಂದಿಗೆ? ಬೀಜಿಂಗಿನಲ್ಲಿ ಈತ ತನ್ನ ಪ್ರಥಮ ಸ್ವರ್ಣವನ್ನು ಪಡೆದ ಆ ಪಕ್ಷದಲ್ಲಿಯೇ ಫೆಲ್ಪ್ಸ್ ಎಂಟು ಸ್ವರ್ಣಗಳನ್ನು ಗೆದ್ದನು. ಲೋಕದ ಕಣ್ಣು ಸಹಜವಾಗಿಯೇ ಆ ಎಂಟರತ್ತ ಹೊರಳಿತು. ಫೆಲ್ಪ್ಸ್‌ನ ಒಟ್ಟು 28 ಪದಕಗಳ ಸಾಧನೆಯನ್ನು ಕುಂದಿಸುವ ಉದ್ದೇಶ ನನಗೆ ಲೇಶಮಾತ್ರವೂ ಇಲ್ಲ. ಆದರೆ ಈಜುಗಾರನು ಒಂದು ಕೂಟದಲ್ಲಿ ಹಲವು ದೂರಗಳಲ್ಲಿ, ಹಲವು ಶೈಲಿಗಳಲ್ಲಿ, ಸಂಗಡಿಗರೊಡನೆ ರಿಲೇಗಳಲ್ಲಿ ಸ್ಪರ್ಧಿಸಬಲ್ಲನು. ಮಲ್ಲನಿಗಾದರೋ ನಾಲ್ಕು ವರ್ಷಗಳಿಗೊಮ್ಮೆ ತೆರೆಯುವುದು ಒಂದೇ ಬಾಗಿಲು, ದೊರೆಯುವುದು ಒಂದೇ ಪದಕ. ಆ ದಿನ ಜ್ವರ ಬಂದರೆ, ಒಂದು ಕ್ಷಣ ಹಿಡಿತ ಸಡಿಲಿದರೆ, ತೀರ್ಪುಗಾರನ ಕೈ ಆ ಕಡೆಗೆ ಎದ್ದರೆ ಮತ್ತೆ ನಾಲ್ಕು ವರ್ಷ ಕಾಯಬೇಕು. ಮರುದಿನ ಬೇರೊಂದು ಸ್ಪರ್ಧೆಯಲ್ಲಿ ಅದನ್ನು ಸರಿದೂಗಿಸಿಕೊಳ್ಳುವ ಅವಕಾಶವಿಲ್ಲ. ಹದಿನಾರು ವರ್ಷಗಳ ಅಂತರದಲ್ಲಿ ಐದು ಬಾರಿ ಆ ಒಂದೇ ಬಾಗಿಲನ್ನು ಹೊಕ್ಕು, ಒಂದು ಪಂದ್ಯವನ್ನೂ ಸೋಲದೆ ಹೊರಬಂದವನನ್ನು ಪದಕಗಳ ಬರಿಯ ಸಂಖ್ಯೆಯಿಂದ ಅಳೆಯುವುದು ನ್ಯಾಯವಲ್ಲವೆಂಬುದೇ ನನ್ನ ವಾದ.

ಈ ವಾದದ ಬಲವು ಆ ಕುಸ್ತಿಯ ಸ್ವರೂಪವನ್ನು ಅರಿತ ಹೊರತು ಮನಸ್ಸಿಗೆ ಹತ್ತದು. ಹೆಸರಿನಲ್ಲಿ ಗ್ರೀಸ್, ರೋಮ್‌ಗಳ ಪ್ರಾಚೀನತೆ ಇದ್ದರೂ ಇಂದು ನಾವು ನೋಡುವ ಪದ್ಧತಿ ರೂಪುಗೊಂಡದ್ದು 19ನೆಯ ಶತಮಾನದ ಫ್ರಾನ್ಸಿನಲ್ಲಿ. ಇದರ ಮುಖ್ಯ ಕಟ್ಟಳೆ ಒಂದೇ: ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಪಟ್ಟು ಹಾಕುವುದಕ್ಕೆ ಕಾಲುಗಳನ್ನು ಬಳಸುವಂತೆಯೂ ಇಲ್ಲ. ನಮ್ಮ ನಾಡಕುಸ್ತಿಯಲ್ಲಿ ಕಾಲಿಗೆ ಕೈಹಾಕಿ ಎದುರಾಳಿಯ ಬುಡವನ್ನೇ ಕೀಳುವ ಎಷ್ಟೋ ಪಟ್ಟುಗಳುಂಟು, ಫ್ರೀಸ್ಟೈಲ್‌ನಲ್ಲಿಯೂ ಉಂಟು. ಇಲ್ಲಿ ಅವೆಲ್ಲವೂ ನಿಷಿದ್ಧ. ಉಳಿಯುವುದು ಎದೆ, ತೋಳು, ಕುತ್ತಿಗೆ, ಬೆನ್ನು. ಇಬ್ಬರು ಎದೆಗೆ ಎದೆ ಒತ್ತಿ, ಹಣೆಗೆ ಹಣೆ ತಾಗಿಸಿ, ಒಬ್ಬನು ಇನ್ನೊಬ್ಬನ ಕಂಕುಳಡಿಯಲ್ಲಿ ಕೈ ತೂರಿಸುವುದಕ್ಕಾಗಿ ಅಂಗುಲ ಅಂಗುಲವಾಗಿ ಹೆಣಗುವ ದೃಶ್ಯವು ಅರಿಯದವರಿಗೆ ಬರಿಯ ನೂಕಾಟವೆಂಬಂತೆ ತೋರುತ್ತದೆ. ಅರಿತವರಿಗೆ ಅಲ್ಲಿ ಜಯಾಪಜಯದ ಅರ್ಧಾಂಶ ನಿಶ್ಚಯವಾಗುತ್ತಿರುವುದು ಕಾಣುತ್ತದೆ.

ಪಂದ್ಯವು ಮೂರು ಮೂರು ನಿಮಿಷಗಳ ಎರಡು ಭಾಗ; ನಡುವೆ 30 ಸೆಕೆಂಡಿನ ವಿರಾಮ. ಹಿಂಜರಿದು ಹೋರಾಡಿದವನ ಮೇಲೆ ನಿಷ್ಕ್ರಿಯತೆಯ ದೋಷ ಬಿದ್ದರೆ ಎದುರಾಳಿಗೆ ಒಂದು ಅಂಕ ದೊರೆಯುವುದಲ್ಲದೆ, ದೋಷಿಯು ಮ್ಯಾಟಿನ ಮೇಲೆ ಕವುಚಿಕೊಳ್ಳಬೇಕಾಗುತ್ತದೆ. ಪಾರ್ ಟೆರ್ ಎಂದು ಕರೆಯಲಾಗುವ ಈ ಸ್ಥಿತಿಯಲ್ಲಿಯೇ ಲೋಪೆಸ್‌ನ ಕಲೆಯ ಸಾರವನ್ನು ಕಾಣಬಹುದು. ಕೆಳಗಿರುವವನು ಎದೆಯನ್ನೂ ಹೊಟ್ಟೆಯನ್ನೂ ಮ್ಯಾಟಿಗೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಬಿಗಿದು, ತನ್ನ ದೇಹಕ್ಕೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಎಡೆಯೂ ಇರದಂತೆ ಹರಡಿಕೊಳ್ಳುತ್ತಾನೆ. ಮೇಲಿರುವವನು ಆ ಇಲ್ಲದ ಎಡೆಯನ್ನು ಹುಡುಕಬೇಕು. ಪಕ್ಕೆಲುಬಿನ ಕೆಳಗೆ ಎರಡು ಕೈಗಳನ್ನೂ ಸೇರಿಸಿ ಬೀಗ ಹಾಕಬೇಕು. ಬಳಿಕ ತನ್ನ ಸೊಂಟವನ್ನು ಎದುರಾಳಿಯ ಸೊಂಟದಡಿಗೆ ತಂದು, ತಾನೂ ಅವನೂ ಒಂದೇ ಉರುಳೆಯಾದಂತೆ ಬೆನ್ನಿನ ಮೇಲಿಂದ ತಿರುಗಬೇಕು. ಬೆನ್ನು ಮ್ಯಾಟಿನತ್ತ ಹೊರಳಿದರೆ ಎರಡು ಅಂಕ. ಈ ಸಮಸ್ತ ಕ್ರಿಯೆಯನ್ನು 130 ಕಿಲೋ ತೂಕದ, ತಿರುಗಬಾರದೆಂದು ಹಟತೊಟ್ಟು ಅಡ್ಡಬಿದ್ದಿರುವ, ತನ್ನಷ್ಟೇ ವಿದ್ಯೆ ಕಲಿತ ಒಬ್ಬ ಮನುಷ್ಯನ ಮೇಲೆ ನಡೆಸಬೇಕು. ಲೋಪೆಸ್ ಇದನ್ನು ಮಾಡುವಾಗ ಆತುರದ ಚಿಹ್ನೆಯೇ ಇರುತ್ತಿರಲಿಲ್ಲ. ಬೀಗ ಬೀಳುವವರೆಗೂ ಆತನ ಚಲನೆ ನಿಧಾನ; ಬಿದ್ದ ಮರುಕ್ಷಣವೇ ಉರುಳು.

ಆತನ ಊರು ಕ್ಯೂಬಾದ ಪಶ್ಚಿಮದ ತುದಿಯಲ್ಲಿ, ಹೊಗೆಸೊಪ್ಪಿನ ಬೆಳೆಗೆ ಹೆಸರಾದ ಪಿನಾರ್ ದೆಲ್ ರಿಯೋ ಪ್ರಾಂತದ ಎರ್ರಾಡೂರಾ. ಅಣ್ಣ ಮಿಚೆಲ್ ಬಾಕ್ಸರನಾಗಿ 2004ರ ಅಥೆನ್ಸ್ ಕೂಟದಲ್ಲಿ ಕಂಚಿನ ಪದಕವನ್ನು ಪಡೆದನು. ಅದೇ ಅಥೆನ್ಸಿನಲ್ಲಿ ತಮ್ಮನು ರಷ್ಯಾದ ಖಾಸನ್ ಬಾರೊಯೆವ್‌ನಿಗೆ ಸೋತು ಬರಿಗೈಯಲ್ಲಿ ಹಿಂದಿರುಗಿದನೆಂಬುದನ್ನು ಮರೆಯಲಾಗದು. ಬಾರೊಯೆವ್ ಆ ವರ್ಷದ ಸ್ವರ್ಣವಿಜೇತ. ನಾಲ್ಕು ವರ್ಷಗಳ ಅನಂತರ ಬೀಜಿಂಗಿನ ಅಂತಿಮ ಪಂದ್ಯದಲ್ಲಿ ಲೋಪೆಸ್‌ನ ಎದುರಿಗೆ ನಿಂತವನೂ ಅದೇ ಬಾರೊಯೆವ್. ಈ ಬಾರಿ ಸೋತವನು ಬಾರೊಯೆವ್.

ಲಂಡನ್ನಿನಲ್ಲಿ ಎಸ್ಟೋನಿಯಾದ ಹೈಕಿ ನಾಬಿ, ರಿಯೋದಲ್ಲಿ ತುರ್ಕಿಯ ರಿಜಾ ಕಾಯಾಲ್ಪ್, ಟೋಕಿಯೋದಲ್ಲಿ ಜಾರ್ಜಿಯಾದ ಯಾಕೋಬಿ ಕಜಾಯಾ ಅಂತಿಮ ಹಂತದಲ್ಲಿ ಈತನಿಗೆ ಮಣಿದರು. ರಿಯೋದ ಗೆಲುವಿನ ಬಳಿಕ ಹರ್ಷೋನ್ಮತ್ತನಾಗಿ ತನ್ನ ಗುರುವನ್ನೇ ಎತ್ತಿ ಮ್ಯಾಟಿನ ಮೇಲೆ ಕೆಡವಿದ್ದು ನೋಡಿದವರ ನೆನಪಿನಲ್ಲಿದೆ. ಟೋಕಿಯೋದಲ್ಲಿಯಂತೂ ಇಡೀ ಕೂಟದಲ್ಲಿ ಯಾವ ಎದುರಾಳಿಗೂ ಒಂದೇ ಒಂದು ಅಂಕ ದಕ್ಕಲಿಲ್ಲ. ಇವುಗಳ ಜೊತೆಗೆ ಐದು ವಿಶ್ವ ಚಾಂಪಿಯನ್ ಪಟ್ಟಗಳು, ಪ್ಯಾನ್ ಅಮೆರಿಕನ್ ಕೂಟದ ಐದು ಸ್ವರ್ಣಗಳು ಸೇರುತ್ತವೆ.

ಈತನು ಅಜೇಯನಾಗಿದ್ದನೆಂದು ಬರೆಯುವುದು ಸುಲಭ; ಅದು ನಿಜವಲ್ಲ. 2011ರ ಹಾಗೂ 2015ರ ವಿಶ್ವ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯಗಳಲ್ಲಿ ಕಾಯಾಲ್ಪ್ ಈತನನ್ನು ಸೋಲಿಸಿದನು. ಆ ತುರ್ಕನು ಐದು ಬಾರಿ ವಿಶ್ವ ಚಾಂಪಿಯನ್ ಆದ ಮಹಾಮಲ್ಲ. ಬೇರೊಂದು ತಲೆಮಾರಿನಲ್ಲಿ ಹುಟ್ಟಿದ್ದರೆ ಒಲಿಂಪಿಕ್ ಸ್ವರ್ಣವು ಅವನದಾಗುತ್ತಿತ್ತೆಂದು ನಾನು ನಂಬಿದ್ದೇನೆ. ಆದರೆ 2012, 2016, 2021, ಈ ಮೂರು ಒಲಿಂಪಿಕ್ ಕೂಟಗಳಲ್ಲಿಯೂ ಅವನ ದಾರಿಗೆ ಅಡ್ಡನಿಂತು ಗೆದ್ದವನು ಲೋಪೆಸ್. 2011ರ ಸೋಲಿಗೆ ಮರುವರ್ಷವೇ ಲಂಡನ್ನಿನಲ್ಲಿ, 2015ರ ಸೋಲಿಗೆ ಮರುವರ್ಷವೇ ರಿಯೋದಲ್ಲಿ ಉತ್ತರ ದೊರೆಯಿತು. ಸೋಲನ್ನೇ ಕಾಣದವನಿಗಿಂತ, ಸೋಲಿಸಿದವನ ಎದುರಿಗೆ ಅತ್ಯಂತ ಮಹತ್ವದ ದಿನದಂದು ಮತ್ತೆ ನಿಂತು ಗೆದ್ದವನನ್ನು ನಾನು ಹೆಚ್ಚಾಗಿ ಗೌರವಿಸುತ್ತೇನೆ.

ಪ್ಯಾರಿಸ್ಸಿಗೆ ಬಂದಾಗ ಲೋಪೆಸ್ ಟೋಕಿಯೋದ ಬಳಿಕ ಅಂತರರಾಷ್ಟ್ರೀಯ ಅಖಾಡದಿಂದ ಬಹುಮಟ್ಟಿಗೆ ದೂರ ಉಳಿದಿದ್ದನು. ಮೂರು ವರ್ಷಗಳ ಬಳಿಕ, ನಲವತ್ತು ದಾಟಿದ ದೇಹದೊಂದಿಗೆ, ಮೊದಲು ಕೊರಿಯಾದ ತರುಣನೊಬ್ಬನನ್ನು 7–0ರಿಂದಲೂ, ಆ ಬಳಿಕ 2023ರ ವಿಶ್ವ ಚಾಂಪಿಯನ್ ಇರಾನಿನ ಅಮೀನ್ ಮಿರ್ಜಾಜಾದೆಯನ್ನು 3–1ರಿಂದಲೂ, ಉಪಾಂತ್ಯದಲ್ಲಿ ಅಜೆರ್ಬೈಜಾನಿನ ಸಬಾಹ್ ಶರಿಯಾತಿಯನ್ನು 4–1ರಿಂದಲೂ ಗೆದ್ದನು. ಅಂತಿಮದಲ್ಲಿ ಎದುರಾದವನ ಕಥೆಯನ್ನು ಹೇಳದೆ ಲೋಪೆಸ್‌ನ ಕಥೆ ಪೂರ್ಣವಾಗುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಅವನ ಹೆಸರು ಯಾಸ್ಮಾನಿ ಅಕೋಸ್ಟಾ. ಚಿಲಿ ದೇಶದ ಪರವಾಗಿ ಕಣಕ್ಕಿಳಿದವನು. ಹುಟ್ಟಿ ಬೆಳೆದದ್ದು ಕ್ಯೂಬಾದಲ್ಲಿ. ಲೋಪೆಸ್‌ನ ಜೊತೆಯಲ್ಲಿಯೇ ತಾಲೀಮು ಮಾಡಿದವನು. ಒಲಿಂಪಿಕ್ ಕೂಟದಲ್ಲಿ ಒಂದು ತೂಕಕ್ಕೆ ಒಂದು ದೇಶದಿಂದ ಒಬ್ಬನೇ ಮಲ್ಲನೆಂಬುದು ನಿಯಮ. ಲೋಪೆಸ್ ಇರುವವರೆಗೆ ಕ್ಯೂಬಾದ ಆ ಸ್ಥಾನ ತೆರವಾಗುವಂತಿರಲಿಲ್ಲ. 2019ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದ ಆಸ್ಕರ್ ಪಿನೊನಂಥವನಿಗೂ ಅದು ತೆರೆಯಲಿಲ್ಲ. ಅಕೋಸ್ಟಾ 2015ರಲ್ಲಿ ಸ್ಪರ್ಧೆಗೆಂದು ಚಿಲಿಗೆ ಹೋದವನು ಅಲ್ಲಿಯೇ ಉಳಿದನು. ಮನೆಮಂದಿಯನ್ನು ಬಿಟ್ಟು, ಪರದೇಶದಲ್ಲಿ ದುಡಿದು ಹೊಟ್ಟೆಹೊರೆದು, ಪೌರತ್ವಕ್ಕಾಗಿ ಕಾದು, ಹೊಸ ನಾಡಿನ ಹೆಸರಿನಲ್ಲಿ ಮೊದಲಿನಿಂದ ಆರಂಭಿಸಿದನು. ಟೋಕಿಯೋದಲ್ಲಿ ಕಂಚು ಸ್ವಲ್ಪದರಲ್ಲಿ ಕೈತಪ್ಪಿತು. ಕೊನೆಗೆ 36ನೆಯ ವಯಸ್ಸಿನಲ್ಲಿ ಒಲಿಂಪಿಕ್ ಅಂತಿಮಕ್ಕೆ ಬಂದು ನೋಡಿದರೆ, ಯಾವನಿಂದಾಗಿ ತಾನು ದೇಶವನ್ನೇ ತೊರೆಯಬೇಕಾಯಿತೋ ಅವನೇ ಎದುರಿಗಿದ್ದಾನೆ!

ಅಕೋಸ್ಟಾ ಸೋತನು, ಆದರೆ ಕುಸ್ತಿಯಲ್ಲಿ ಚಿಲಿ ದೇಶಕ್ಕೆ ಪ್ರಥಮ ಒಲಿಂಪಿಕ್ ಪದಕವನ್ನು ತಂದನು. ಇಬ್ಬರೂ ಅಪ್ಪಿಕೊಂಡರು. ಆಮೇಲೆ ಲೋಪೆಸ್ ಮ್ಯಾಟಿನ ಮೇಲೆ ಕುಳಿತು ಬೂಟುಗಳ ದಾರ ಬಿಚ್ಚಿ, ಅವೆರಡನ್ನೂ ಅಲ್ಲಿಯೇ ಬಿಟ್ಟು ನಡೆದನು. ಮಲ್ಲನು ನಿವೃತ್ತಿಯನ್ನು ಸಾರುವ ಸಂಪ್ರದಾಯವದು. ಆ ಬೂಟುಗಳ ಚಿತ್ರ ಜಗತ್ತಿನೆಲ್ಲೆಡೆ ಪ್ರಕಟವಾಯಿತು. ಅದಕ್ಕಿಂತ ಆ ಆಲಿಂಗನದ ಚಿತ್ರವೇ ಪ್ರಕಟವಾಗಬೇಕಿತ್ತೆಂದು ನನ್ನ ಭಾವನೆ. ಒಬ್ಬ ಮಹಾಪುರುಷನ ದೀರ್ಘಾಯುಷ್ಯವು ಇತರರಿಗೆ ಎಷ್ಟು ದುಬಾರಿಯಾಗಬಹುದೆಂಬುದು ಅದರಲ್ಲಿತ್ತು. ಆ ಬೆಲೆಯನ್ನು ತೆತ್ತವನ ಎದೆಯಲ್ಲಿ ಕಹಿ ಉಳಿದಿರಲಿಲ್ಲವೆಂಬುದೂ ಅದರಲ್ಲಿತ್ತು.

ಹೆಚ್ಚುಕಡಮೆ ಒಂದು ಕೋಟಿ ಜನಸಂಖ್ಯೆಯ, ದೀರ್ಘಕಾಲದಿಂದ ಆರ್ಥಿಕ ಸಂಕಷ್ಟದಲ್ಲಿ ತೊಳಲುತ್ತಿರುವ ಒಂದು ದ್ವೀಪರಾಷ್ಟ್ರದಲ್ಲಿ ಒಂದೇ ತೂಕದಲ್ಲಿ ಮೂವರು ಜಗಜಟ್ಟಿಗಳು ಏಕಕಾಲದಲ್ಲಿ ಹೇಗೆ ಬೆಳೆದರೆಂಬುದನ್ನು ಪರ್ಯಾಲೋಚಿಸಬೇಕು. ಎಳೆಯ ಮಕ್ಕಳನ್ನು ಗುರುತಿಸಿ, ವಸತಿಯುಳ್ಳ ಕ್ರೀಡಾಶಾಲೆಗಳಲ್ಲಿ ಇರಿಸಿ, ಊಟ, ಪಾಠ, ತಾಲೀಮುಗಳ ಹೊಣೆಯನ್ನು ಸರ್ಕಾರವೇ ಹೊರುವ ವ್ಯವಸ್ಥೆ ಅಲ್ಲಿ ದಶಕಗಳಿಂದ ನಡೆದುಬಂದಿದೆ. ಆ ವ್ಯವಸ್ಥೆಯ ದೋಷಗಳನ್ನು ನಾನು ಮುಚ್ಚಿಡುವುದಿಲ್ಲ. ಅಲ್ಲಿಂದ ಹೊರಟುಹೋದ ಕ್ರೀಡಾಪಟುಗಳ ಸಂಖ್ಯೆ ದೊಡ್ಡದು, ಅಕೋಸ್ಟಾ ಅವರಲ್ಲೊಬ್ಬ. ಆದರೆ ಹೊಗೆಸೊಪ್ಪಿನ ನಾಡಿನ ಹಳ್ಳಿಯ ಹುಡುಗನಿಗೂ ಗ್ರೀಕೋ-ರೋಮನ್‌ನಂಥ ಪ್ರಸಿದ್ಧಿಯಿಲ್ಲದ ವಿದ್ಯೆಯನ್ನು ಬಲ್ಲ ಗುರುವು ಕೈಗೆಟುಕುವಷ್ಟು ಹತ್ತಿರದಲ್ಲಿ ಇದ್ದನೆಂಬುದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿ ನಮ್ಮ ನಾಡಿನ ಮಾತು ಬರುತ್ತದೆ. ಗರಡಿಮನೆಗಳ ಕೆಮ್ಮಣ್ಣಿನ ಮಟ್ಟಿಯನ್ನೂ ಮೈಸೂರು ದಸರಾ ಕುಸ್ತಿಯನ್ನೂ ಬಲ್ಲ ಕನ್ನಡಿಗರಿಗೆ ಮಲ್ಲವಿದ್ಯೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆದರೂ 1952ರಲ್ಲಿ ಹೆಲ್ಸಿಂಕಿಯಲ್ಲಿ ಕೆ. ಡಿ. ಜಾಧವರು ಕಂಚು ತಂದಂದಿನಿಂದ ಭಾರತವು ಒಲಿಂಪಿಕ್ ಕುಸ್ತಿಯಲ್ಲಿ ಪಡೆದ ಪದಕಗಳೆಲ್ಲವೂ ಫ್ರೀಸ್ಟೈಲಿನವು. ಗ್ರೀಕೋ-ರೋಮನ್‌ನಲ್ಲಿ ಇಂದಿನವರೆಗೆ ಒಂದೂ ಇಲ್ಲ. ನಮ್ಮ ಹುಡುಗರಲ್ಲಿ ಸಾಮರ್ಥ್ಯದ ಅಭಾವವಿಲ್ಲ. 2020ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಸುನಿಲ್ ಕುಮಾರ್ 87 ಕಿಲೋ ವಿಭಾಗದ ಸ್ವರ್ಣವನ್ನು ಗೆದ್ದು, ಈ ಪದ್ಧತಿಯಲ್ಲಿ ದೇಶದ 27 ವರ್ಷಗಳ ಬರವನ್ನು ನೀಗಿಸಿದರು; ಅದೇ ಕೂಟದಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 55 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಆ ಕಂಚಿನ ಸುದ್ದಿಯನ್ನು ನೆನಪಿಟ್ಟುಕೊಂಡ ಕನ್ನಡಿಗರು ಎಷ್ಟು ಮಂದಿ ಇದ್ದಾರು? 55 ಕಿಲೋ ಒಲಿಂಪಿಕ್‌ನಲ್ಲಿ ಇರುವ ತೂಕವೂ ಅಲ್ಲ. ಅಂಥ ಮಲ್ಲನು 60 ಕಿಲೋಗೆ ಏರಿ, ಮೂಳೆಮಾಂಸಗಳಲ್ಲಿ ತನಗಿಂತ ದೊಡ್ಡವರೊಡನೆ ಸೆಣಸಬೇಕು. ಅದಕ್ಕೆ ಆಹಾರ, ಗುರು, ಜೋಡಿ, ಕಾಲಾವಕಾಶ ಎಲ್ಲವೂ ಬೇಕು.

ಪದಕಗಳ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿದರೆ ಒದಗುವ ಹಾನಿ ಇದೇ. ಎಣಿಸಿದರೆ ಹೆಚ್ಚು ಕಾಣುವ ಕಡೆಗೆ ಹಣ ಹರಿಯುತ್ತದೆ, ತಂದೆತಾಯಿಗಳ ಆಸೆ ಹರಿಯುತ್ತದೆ. ನಾಲ್ಕು ವರ್ಷಗಳಿಗೊಂದು ಪದಕವನ್ನಷ್ಟೇ ಕೊಡಬಲ್ಲ, ಹತ್ತು ವರ್ಷ ಕಲಿತರೂ ಕೈಗೂಡದೆ ಹೋಗಬಹುದಾದ ವಿದ್ಯೆಯು ಮೂಲೆಗೆ ಬೀಳುತ್ತದೆ. ಲೋಪೆಸ್‌ನನ್ನು ಶ್ರೇಷ್ಠರ ಮೊದಲ ಸಾಲಿನಲ್ಲಿ ನಿಲ್ಲಿಸಬೇಕೆಂದು ನಾನು ಹಟ ಹಿಡಿಯುವುದು ಆತನ ಕೀರ್ತಿಗೆ ನನ್ನ ಮಾತಿನ ಅಗತ್ಯವಿದೆಯೆಂದಲ್ಲ. ಯಾವುದನ್ನು ದೊಡ್ಡದೆಂದು ಕರೆಯುತ್ತೇವೆಯೋ ಅದನ್ನೇ ನಮ್ಮ ಮಕ್ಕಳಿಗೆ ಕಲಿಸುತ್ತೇವೆ ಎಂಬ ಕಾರಣಕ್ಕಾಗಿ.

ನಮ್ಮ ರಾಜ್ಯದ ಕ್ರೀಡಾ ಇಲಾಖೆಯಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ದಾವಣಗೆರೆ, ಮೈಸೂರುಗಳಂಥ, ಕುಸ್ತಿಯ ಪರಂಪರೆ ಇನ್ನೂ ಜೀವಂತವಾಗಿರುವ ಜಿಲ್ಲೆಗಳಲ್ಲಿ ಗ್ರೀಕೋ-ರೋಮನ್ ಪದ್ಧತಿಗೇ ಮೀಸಲಾದ ಒಬ್ಬೊಬ್ಬ ತರಬೇತುದಾರನನ್ನು ನೇಮಿಸಲಿ. ಆತನನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸದೆ ಹತ್ತು ವರ್ಷ ಅಲ್ಲಿಯೇ ಇರಗೊಡಲಿ. ಆ ಹತ್ತು ವರ್ಷ ಆತನಲ್ಲಿ ಪದಕಗಳ ಲೆಕ್ಕವನ್ನು ಕೇಳದಿರಲಿ.